ಬೆಲ್ಟ್, ಟ್ಯಾಗ್, ಜಿಪಿಎಸ್, ಚಿಪ್: ನಾಯಿ ನನ್ನದೇ ಅಂತ ತೋರಿಸಿಕೊಟ್ಟದ್ದು ಯಾವುದು?

ನನ್ನ ನಾಯಿಯನ್ನು ನಾನೇ 6,000 ರೂಪಾಯಿ ಕೊಟ್ಟು ಕೊಂಡಿದ್ದೇನೆ. ಹೊಸದಾಗಿ ಸಾಕಲು ಅಲ್ಲ, ಮೂರು ವರ್ಷ ಸಾಕಿದ್ದನ್ನೇ.

2021ರಲ್ಲಿ ಕಬ್ಬು ಕಡಿಯುವ ಹೊತ್ತಿಗೆ ಮುಧೋಳದ ಹತ್ತಿರದ ನಮ್ಮ ತೋಟದ ಮನೆಯಿಂದ ನಮ್ಮ ಮುಧೋಳ ತಳಿಯ ಹೆಣ್ಣು ನಾಯಿ ಬಿಜಲಿ ಕಾಣೆಯಾದಳು. ಎರಡು ತಿಂಗಳ ಮೇಲೆ ಕೃಷ್ಣಾ ಹೊಳೆಯ ಆಚೆ ಒಂದು ಊರಲ್ಲಿ ಸಿಕ್ಕಳು. ಅಲ್ಲಿ ಕಟ್ಟಿಕೊಂಡಿದ್ದವರು ಕೆಟ್ಟವರೇನೂ ಅಲ್ಲ, ವಯಸ್ಸಾದವರು. "ತಮ್ಮಾ, ನಾ ಕಳ್ಳ ಅಲ್ಲಪಾ, ಸಂತ್ಯಾಗ 12 ಸಾವಿರ ಎಣಿಸಿ ಕೊಟ್ಟೀನಿ" ಅಂದರು. ಗುಡಿ ಕಟ್ಟೆಯ ಮೇಲೆ ಹಿರಿಯರು ಕೂತರು. ಇಬ್ಬರೂ ಕರೆಯಿರಿ, ನಾಯಿ ಯಾರ ಕಡೆ ಹೋಗುತ್ತದೋ ಅವರದು ಅಂತ ಮಾತಾಯಿತು. ನಾನು ಕರೆದೆ. ಬಾಲ ಅಲ್ಲಾಡಿಸುತ್ತ ಓಡಿ ಬಂದಳು, ನನಗೆ ಗಂಟಲು ಕಟ್ಟಿತು. ಆಮೇಲೆ ಆ ಕಾಕಾ ಕರೆದರು. ಅಷ್ಟೇ ಖುಷಿಯಿಂದ ಅವರ ಕಡೆಗೂ ಓಡಿದಳು! ಎರಡು ತಿಂಗಳು ದಿನಾ ಹಾಲು ರೊಟ್ಟಿ, ವಾರಕ್ಕೊಮ್ಮೆ ಮಟನ್ ಎಲುಬು ಹಾಕಿದ್ದರಂತೆ. ಸಿನಿಮಾದಲ್ಲಿ ನಾಯಿ ಸಾಕ್ಷಿ ಹೇಳುತ್ತದೆ, ಕಟ್ಟೆಯ ಮೇಲೆ ಹೇಳುವುದಿಲ್ಲ.

ನನ್ನ ಕೈಯಲ್ಲಿ ಇದ್ದದ್ದು ಎರಡು ಮಸುಕು ಫೋಟೊ, ಒಂದು ಲಸಿಕೆ ಪುಸ್ತಕ. ಪುಸ್ತಕದಲ್ಲಿ "ಹೆಣ್ಣು, ಕಂದು, ಮುಧೋಳ" ಅಂತ ಬರೆದಿತ್ತು. ಮುಧೋಳದಲ್ಲೇ ಕೂತು ಇದನ್ನು ಗುರುತು ಅಂತ ಹೇಗೆ ಹೇಳುವುದು, ಓಣಿಯ ಅರ್ಧ ನಾಯಿಗಳಿಗೆ ಹೊಂದುತ್ತದೆ. ಕೊನೆಗೆ ನಷ್ಟ ಇಬ್ಬರಿಗೂ ಅರ್ಧ ಅರ್ಧ ಅಂತ ತೀರ್ಮಾನವಾಗಿ, ದುಡ್ಡು ಕೊಟ್ಟು ಬಿಜಲಿಯನ್ನು ಕರೆದುಕೊಂಡು ಬಂದೆ.

ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ಬಿಜಲಿಗೆ, ಆಮೇಲೆ 2022ರಲ್ಲಿ ಹುಟ್ಟಿದ ಅವಳ ಮಗಳು ರಾಣಿಗೆ, ಏನೇನು ಇದೆಯೋ ಎಲ್ಲಾ ಹಾಕಿಸಿ ನೋಡಿದೆ. ಮನೆಯಲ್ಲಿ ಬೈಸಿಕೊಂಡದ್ದು ಬೇರೆ ಲೆಕ್ಕ. ಕೆಳಗಿನ ಬೆಲೆಗಳು ನಾನು ಕೊಟ್ಟವು, ನಿಮ್ಮ ಕಡೆ ಹೆಚ್ಚು ಕಡಿಮೆ ಇರಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಯಿ ಹೋಗದಂತೆ ಕಾಯುವುದು ಒಂದು ಕೆಲಸ, ಹೋದ ನಾಯಿಯನ್ನು ಹುಡುಕುವುದು ಇನ್ನೊಂದು, ಸಿಕ್ಕ ನಾಯಿ ನನ್ನದೇ ಅಂತ ತೋರಿಸುವುದು ಮೂರನೆಯದು. ಅಂಗಡಿಯವರು ಒಂದೇ ಸಾಮಾನು ಮೂರನ್ನೂ ಮಾಡುತ್ತದೆ ಅನ್ನುವ ಹಾಗೆ ಮಾರುತ್ತಾರೆ. ಮಾಡುವುದಿಲ್ಲ. ನಾನು ಮೋಸ ಹೋದದ್ದು ಅಲ್ಲೇ.

ನಮ್ಮ ಕಡೆ ಕಳ್ಳರ ಕಣ್ಣು ಈ ತಳಿಯ ಮೇಲೆ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಹೆಸರು ಹಳೆಯದೇ, ಮುಧೋಳ ಆಳಿದ ಘೋರ್ಪಡೆ ರಾಜರ ಕಾಲದ್ದು. 2005ರಲ್ಲಿ ಅಂಚೆ ಚೀಟಿ ಬಂತು, 2016ರಲ್ಲಿ ಸೈನ್ಯಕ್ಕೆ ಹೋದವು, 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೆಸರು ಹೇಳಿದರು. ಅದಾದ ಮೇಲೆ ನಮ್ಮ ಓಣಿಯಲ್ಲೇ ಮರಿ ಕೇಳಿಕೊಂಡು ಪುಣೆ, ಹೈದರಾಬಾದ್ ನಂಬರಿನ ಕಾರು ಬರಲು ಶುರುವಾದವು. ಮರಿ ಹಾಕುವ ಹೆಣ್ಣು ನಾಯಿ ಅಂದರೆ ಹಾಲು ಕೊಡುವ ಎಮ್ಮೆ ಇದ್ದ ಹಾಗೆ.

ಬೆಲ್ಟ್‌ನಿಂದ ಶುರು ಮಾಡೋಣ. ಫೋನ್ ನಂಬರ್ ಕೆತ್ತಿದ ಹಿತ್ತಾಳೆ ಬಿಲ್ಲೆ ಸೇರಿ 250 ರೂಪಾಯಿ. ದಾರಿ ತಪ್ಪಿದ ನಾಯಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬಿಜಲಿ ಒಮ್ಮೆ ಮೊಲದ ಹಿಂದೆ ಓಡಿ ಲೋಕಾಪುರದ ದಾರಿ ಹಿಡಿದಾಗ ಯಾರೋ ಡಾಬಾದವರು ಫೋನ್ ಮಾಡಿದರು. ಆದರೆ ಕಳ್ಳನಿಗೆ ಬೆಲ್ಟ್ ಬಿಚ್ಚಲು ಅರ್ಧ ನಿಮಿಷ ಸಾಕು. ಇನ್ನೊಂದು ತೊಂದರೆ ಮುಧೋಳ ನಾಯಿ ಸಾಕಿದವರಿಗೇ ಗೊತ್ತು: ತಲೆ ಸಣ್ಣದು, ಕೊರಳು ಹೆಚ್ಚು ಕಡಿಮೆ ಅಷ್ಟೇ ದಪ್ಪ, ಹಿಂದಕ್ಕೆ ಜಗ್ಗಿದರೆ ಸಾದಾ ಬೆಲ್ಟ್ ಜಾರಿ ಕೈಗೆ ಬರುತ್ತದೆ. ಜಗ್ಗಿದರೆ ಸ್ವಲ್ಪ ಬಿಗಿಯಾಗುವ ಅಗಲ ಪಟ್ಟಿ ಸಿಗುತ್ತದೆ, ಮಾರ್ಟಿಂಗೇಲ್ ಅಂತ ಕೇಳಿ.

ಬೆಲ್ಟ್‌ಗೆ ಸಿಕ್ಕಿಸುವ ಬ್ಲೂಟೂತ್ ಟ್ಯಾಗ್ ಮತ್ತು ಜಿಪಿಎಸ್ ಎರಡನ್ನೂ ಒಂದೇ ವಾರ ರಾಣಿಯ ಕೊರಳಲ್ಲಿ ಹಾಕಿ ನೋಡಿದೆ. ಇವೆರಡೂ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಟ್ಯಾಗ್‌ನಲ್ಲಿ ಸಿಮ್ ಇಲ್ಲ, ಜಿಪಿಎಸ್ಸೂ ಇಲ್ಲ. ಹತ್ತಿರ ಹಾದು ಹೋಗುವ ಬೇರೆಯವರ ಫೋನು ಅದರ ಬ್ಲೂಟೂತ್ ಸಿಗ್ನಲ್ ಹಿಡಿದು ನಮಗೆ ಜಾಗ ತಿಳಿಸಬೇಕು. ನನ್ನದು ಆ್ಯಪಲ್ ಕಂಪನಿಯ ಏರ್‌ಟ್ಯಾಗ್, ಅದಕ್ಕೆ ಹತ್ತಿರ ಐಫೋನೇ ಬೇಕು. ಮುಧೋಳ ಬಸ್ ಸ್ಟ್ಯಾಂಡ್‌ನಲ್ಲಿ ನಿಮಿಷ ನಿಮಿಷಕ್ಕೂ ಜಾಗ ತೋರಿಸಿತು, ನಾನೂ ಹಿಗ್ಗಿದೆ. ಮಾರನೇ ದಿನ ತಮ್ಮ ರಾಣಿಯನ್ನು ಬೈಕ್ ಮೇಲೆ 3 ಕಿಲೋಮೀಟರ್ ದೂರದ ಕಬ್ಬಿನ ಹೊಲಕ್ಕೆ ಕರೆದುಕೊಂಡು ಹೋದ, ಎರಡು ತಾಸು ಆದರೂ ನನ್ನ ಫೋನು ರಾಣಿ ಮನೆಯಲ್ಲೇ ಇದ್ದಾಳೆ ಅನ್ನುತ್ತಿತ್ತು. ಕಬ್ಬಿನಲ್ಲಿ ಐಫೋನ್ ಹಿಡಿದುಕೊಂಡು ಯಾರು ಓಡಾಡುತ್ತಾರೆ ಹೇಳಿ. ಅದೂ ಅಲ್ಲದೆ, ಬೇರೆಯವರ ಟ್ಯಾಗ್ ನಿಮ್ಮ ಜೊತೆ ಬರುತ್ತಿದೆ ಅಂತ ಅದು ಕಳ್ಳನ ಫೋನಿಗೇ ಎಚ್ಚರಿಕೆ ಕಳಿಸುತ್ತದೆ. ಯಾರನ್ನೋ ಗುಟ್ಟಾಗಿ ಹಿಂಬಾಲಿಸಬಾರದು ಅಂತ ಕಂಪನಿಯವರು ಮಾಡಿದ ವ್ಯವಸ್ಥೆ ಅದು, ತಪ್ಪೇನಿಲ್ಲ, ನಮ್ಮ ಕೆಲಸಕ್ಕೆ ಮಾತ್ರ ಉಲ್ಟಾ. ಒಳಗಿನ ಗುಂಡಿ ಸೆಲ್ ಒಂದು ವರ್ಷದ ಹತ್ತಿರ ಬರುತ್ತದೆ. ಆದರೆ ಮರಿ ಕಚ್ಚಿ ನುಂಗಿದರೆ ಅನ್ನನಾಳ ಸುಟ್ಟು ಹೋಗುತ್ತದೆ, ಮರಿಗಳಿಗೆ ಹಾಕಲೇ ಬೇಡಿ.

ಜಿಪಿಎಸ್ ಬೆಲ್ಟ್ 4,200 ರೂಪಾಯಿ, ಮೇಲೆ ವರ್ಷಕ್ಕೆ ಸಿಮ್ ಖರ್ಚು. ಕಬ್ಬಿನ ಹೊಲದ ಪರೀಕ್ಷೆಯಲ್ಲಿ ಇದು ಪಾಸು. ತಮ್ಮ ನಿಂತ ಬೋರ್‌ವೆಲ್‌ಗೆ ಹತ್ತಿಪ್ಪತ್ತು ಮೀಟರ್ ಹತ್ತಿರ ತೋರಿಸಿತು. ಹುಡುಕುವ ಕೆಲಸಕ್ಕೆ ಇದರ ಎದುರು ಟ್ಯಾಗ್ ಏನೂ ಅಲ್ಲ. ಆದರೆ ಎರಡು ಮೂರು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು. ತೋಟದಲ್ಲಿ ಕರೆಂಟ್ ಬಂದಾಗ ನಾಯಿ ಇರುವುದಿಲ್ಲ, ನಾಯಿ ಬಂದಾಗ ಕರೆಂಟ್ ಇರುವುದಿಲ್ಲ. ಮತ್ತೆ ಇದೂ ಬೆಲ್ಟೇ ತಾನೇ, ಕತ್ತರಿಸಿ ಎಸೆದರೆ ಮುಗಿಯಿತು.

ಇನ್ನು ಚಿಪ್. ಹೆಸರು ಕೇಳಿ ಇದೂ ಜಾಗ ತೋರಿಸುತ್ತದೆ ಅಂದುಕೊಂಡಿದ್ದೆ. ಇಲ್ಲ. ಅಕ್ಕಿ ಕಾಳಿನಷ್ಟು ಸಣ್ಣ ಗಾಜಿನ ನಳಿಗೆ, ಅದರಲ್ಲಿ ಬ್ಯಾಟರಿ ಇಲ್ಲ, ಸಿಮ್ ಇಲ್ಲ, ನಮ್ಮ ಹೆಸರೂ ಇಲ್ಲ. 15 ಅಂಕಿಯ ಒಂದು ನಂಬರ್ ಅಷ್ಟೇ. ದಪ್ಪ ಸೂಜಿಯಲ್ಲಿ ಎರಡು ಹೆಗಲಿನ ನಡುವೆ ಚರ್ಮದ ಕೆಳಗೆ ಹಾಕುತ್ತಾರೆ. ಸ್ಕ್ಯಾನರ್ ಹತ್ತಿರ ಹಿಡಿದಾಗ ಮಾತ್ರ ಅದರ ಶಕ್ತಿಯಿಂದಲೇ ಎಚ್ಚರಾಗಿ ನಂಬರ್ ಹೇಳುತ್ತದೆ. ನಮ್ಮಪ್ಪನಿಗೆ ಒಂದೇ ಮಾತಿನಲ್ಲಿ ಅರ್ಥವಾಯಿತು: "ಎಮ್ಮಿ ಕಿವ್ಯಾಗಿನ ಹಳದಿ ಬಿಲ್ಲೆ ಇದ್ದಂಗ ಅನ್ನು." ಸರಿ, ಎಮ್ಮೆಗೆ 12 ಅಂಕಿ, ನಾಯಿಗೆ 15. ಎಮ್ಮೆಯ ಬಿಲ್ಲೆ ಕಿತ್ತು ಹಾಕಬಹುದು, ಇದನ್ನು ಕತ್ತರಿಸಿಯೇ ತೆಗೆಯಬೇಕು.

ರಾಣಿಗೆ ಬಾಗಲಕೋಟೆಯಲ್ಲಿ ಒಬ್ಬ ಡಾಕ್ಟರ್ ಹತ್ತಿರ ಹಾಕಿಸಿದೆ, 900 ರೂಪಾಯಿ. ಒಮ್ಮೆ ಕುಂಯ್ ಅಂದಳು, ಬಿಸ್ಕತ್ ತಿಂದಳು, ಮುಗಿಯಿತು. ಹಾಕಿಸುವ ಮೊದಲು ಒಂದು ಸಲ, ಹಾಕಿದ ಕೂಡಲೇ ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ. ನಂಬರಿನ ಸ್ಟಿಕ್ಕರ್ ಲಸಿಕೆ ಪುಸ್ತಕದಲ್ಲಿ ಅಂಟಿಸಿ, ಅದರ ಮೇಲೆಯೇ ಡಾಕ್ಟರ್ ಸಹಿ, ಸೀಲು, ತಾರೀಖು, ನಿಮ್ಮ ಹೆಸರು ಹಾಕಿಸಿ. ಇದನ್ನು ಬಿಟ್ಟರೆ 900 ರೂಪಾಯಿ ನೀರಿಗೆ ಹಾಕಿದ ಹಾಗೆ, ಯಾಕೆಂದರೆ ಆ ನಂಬರ್ ನಿಮ್ಮದು ಅಂತ ಹೇಳುವುದು ಕಾಗದ, ಚಿಪ್ ಅಲ್ಲ. ಕಂಪನಿಯ ಆ್ಯಪ್‌ನಲ್ಲಿ ಹೆಸರು ಸೇರಿಸುವ ಅವಕಾಶ ಇದ್ದರೆ ಅದನ್ನೂ ಮಾಡಿ.

ಚಿಪ್‌ನ ದೊಡ್ಡ ಕೊರತೆ ಸ್ಕ್ಯಾನರ್. ನಮ್ಮ ಹತ್ತಿರದ ದವಾಖಾನೆಯಲ್ಲಿ ಇರಲಿಲ್ಲ. ಓದುವ ಯಂತ್ರ ಇಲ್ಲದ ಊರಲ್ಲಿ ಚಿಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೊನೆಗೆ ನಾಯಿ ಸಾಕುವ ಐದು ಮಂದಿ ಸೇರಿ 2,400 ರೂಪಾಯಿಗೆ ಒಂದು ತರಿಸಿದೆವು. ತರಿಸುವಾಗ ನಾಯಿ ಚಿಪ್‌ನ ರೇಡಿಯೊ ಅಲೆ, ಅಂದರೆ 134.2 ಕಿಲೋಹರ್ಟ್ಸ್, ಓದುತ್ತದಾ ನೋಡಿ, ಬಾಗಿಲ ಬೀಗಕ್ಕೆ ಬಳಸುವ ಅಗ್ಗದವು 125ರಲ್ಲೇ ನಿಂತಿರುತ್ತವೆ, ಮೊದಲನೆಯದು ಹಾಗೇ ಆಗಿ ವಾಪಸ್ ಕಳಿಸಿದೆವು.

ಲಸಿಕೆ ಪುಸ್ತಕ ಬರೀ ತಾನೊಂದೇ ಇದ್ದರೆ ಏನಾಗುತ್ತದೆ ಅಂತ ಕಟ್ಟೆಯ ಮೇಲೆ ನೋಡಿದ್ದೆ. ಈಗ ಅದರಲ್ಲಿ ಬಣ್ಣದ ಜೊತೆ ಗುರುತುಗಳನ್ನೂ ಬರೆಸಿದ್ದೇನೆ: ಎದೆಯ ಮೇಲೆ ಬಿಳಿ ಚುಕ್ಕೆ, ಎಡ ಹಿಂಗಾಲಿನಲ್ಲಿ ತಂತಿ ಬೇಲಿಯ ಗಾಯ, ಒಂದು ಉಗುರು ಮಾತ್ರ ಬಿಳಿ. ಅವೇ ಗುರುತುಗಳ ಫೋಟೊ ತೆಗೆದು ನನ್ನ ಈಮೇಲ್‌ಗೆ ನಾನೇ ಕಳಿಸಿದ್ದೇನೆ, ತಾರೀಖು ಅಲ್ಲೇ ಉಳಿಯುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎಲ್ಲದಕ್ಕೂ ನಿಜವಾದ ಪರೀಕ್ಷೆ ಬಂದದ್ದು 2025ರ ಜನವರಿಯಲ್ಲಿ. ಬೆಳಿಗ್ಗೆ ಎದ್ದರೆ ರಾಣಿ ಇಲ್ಲ. ಫೋನ್ ತೆಗೆದರೆ ಜಿಪಿಎಸ್ ಜಮಖಂಡಿ ದಾರಿಯಲ್ಲಿ ಒಂದು ಕಡೆ ಅಲ್ಲಾಡದೆ ನಿಂತಿದೆ. ಹೋಗಿ ನೋಡಿದರೆ ಜಾಲಿ ಪೊದೆಯಲ್ಲಿ ಕತ್ತರಿಸಿದ ಬೆಲ್ಟ್. ಆದರೂ ಯಾವ ದಿಕ್ಕಿಗೆ ಹೋಗಿದ್ದಾರೆ ಅಂತ ಗೊತ್ತಾಯಿತಲ್ಲ, ಅದು ಸಣ್ಣದಲ್ಲ. ಆ ಕಡೆಯ ಊರುಗಳ ವಾಟ್ಸ್ಆ್ಯಪ್ ಗುಂಪುಗಳಿಗೆ ಫೋಟೊ ಹಾಕಿದೆ.

ಠಾಣೆಗೆ ಹೋದರೆ "ನಾಯಿ ಅಲ್ಲೇನ್ರೀ, ಬರ್ತೈತಿ ತಗೋರಿ" ಅಂದರು. ಈ ಸಲ ನಾನು ಓದಿಕೊಂಡು ಹೋಗಿದ್ದೆ. ಈಗಿನ ಅಪರಾಧ ಕಾನೂನು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಕಳ್ಳತನಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಒಂದು ನಾಯಿಯದೇ! ಜೇಬಿನಲ್ಲಿ ತಿಂಡಿ ಇಟ್ಟುಕೊಂಡು ಬೇರೆಯವರ ನಾಯಿಗೆ ಆಸೆ ತೋರಿಸಿದರೆ, ಕದಿಯುವ ಮನಸ್ಸಿದ್ದರೆ, ನಾಯಿ ಹಿಂದೆ ಹೆಜ್ಜೆ ಹಾಕಿದ ಕೂಡಲೇ ಕಳ್ಳತನ ಆಯಿತು ಅಂತ. 1860ರ ಹಳೆಯ ಭಾರತೀಯ ದಂಡ ಸಂಹಿತೆಯಲ್ಲೂ ಇದೇ ಇತ್ತು. ಇನ್ನೊಂದು, ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಪೊಲೀಸರು ತಾವಾಗಿ ತನಿಖೆಗೆ ಇಳಿಯುವ ಅಪರಾಧ ಅದಲ್ಲ. ಅದಕ್ಕೇ ರಾಣಿಯ ಒಡಹುಟ್ಟಿದ ಮರಿಗಳನ್ನು 10,000ಕ್ಕೆ ಕೊಟ್ಟ ಚೀಟಿ ಜೊತೆಗೆ ಇಟ್ಟು ಬರಹದಲ್ಲಿ ದೂರು ಕೊಟ್ಟೆ. ಚಿಪ್ ನಂಬರನ್ನೂ ಬರೆದೆ. ಆಗ ತೆಗೆದುಕೊಂಡರು. ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಲು ಕಾನೂನಿನಲ್ಲೇ ದಾರಿ ಇದೆ.

ಒಂಬತ್ತನೇ ದಿನ ಜಮಖಂಡಿ ತಾಲೂಕಿನ ಒಂದು ಹಳ್ಳಿಯಿಂದ ಫೋನ್ ಬಂತು. ಪೊಲೀಸರೊಬ್ಬರನ್ನು ಕರೆದುಕೊಂಡು ಹೋದೆವು. ಈ ಸಲ ಎದುರಿಗೆ ಇದ್ದವನು ಹುಡುಗ, ಗಟ್ಟಿ ಆಸಾಮಿ. "ನಂದೂ ಬುಕ್ ಐತ್ರೀ" ಅಂತ ಲಸಿಕೆ ಪುಸ್ತಕ ತಂದೇ ಬಿಟ್ಟ! ಹೆಣ್ಣು, ಕಂದು, ಮುಧೋಳ. ನನಗೆ ಒಂದು ಕ್ಷಣ 2021 ನೆನಪಾಗಿ ಕೈ ತಣ್ಣಗಾಯಿತು. ಯಾವ ನಾಯಿಯನ್ನಾದರೂ ಕರೆದುಕೊಂಡು ಹೋಗಿ ಸೂಜಿ ಹಾಕಿಸಿದರೆ ಯಾರ ಹೆಸರಿಗಾದರೂ ಪುಸ್ತಕ ಸಿಗುತ್ತದೆ, ಡಾಕ್ಟರ್ ಏನು ಮಾಡಿಯಾರು. ಅವನ ಪುಸ್ತಕದ ತಾರೀಖು ಐದು ದಿನದ ಹಿಂದಿನದು. ನನ್ನದು 2022ರದು. "ಹಳೇ ಬುಕ್ ಕಳದೈತಿ" ಅಂದ.

ಆಗ ಸ್ಕ್ಯಾನರ್ ತೆಗೆದೆ. ಹೆಗಲ ನಡುವೆ ಹಿಡಿದರೆ ಏನೂ ಇಲ್ಲ. ಹುಡುಗ ನಕ್ಕ. ಚಿಪ್ ಒಮ್ಮೊಮ್ಮೆ ಸ್ವಲ್ಪ ಜರುಗುತ್ತದೆ ಅಂತ ಡಾಕ್ಟರ್ ಹೇಳಿದ್ದು ನೆನಪಾಗಿ, ಎಡ ಭುಜದ ಕಡೆ ನಿಧಾನಕ್ಕೆ ಆಡಿಸಿದೆ. ಪೀಂ ಅಂತು. ಪೊಲೀಸರು ಪರದೆ ನೋಡಿ ಒಂದೊಂದೇ ಅಂಕಿ ಓದಿದರು, ಊರ ಹಿರಿಯರೊಬ್ಬರು ನನ್ನ ಪುಸ್ತಕದ ಸ್ಟಿಕ್ಕರ್ ಮೇಲೆ ಬೆರಳಿಟ್ಟು ಹೊಂದಿಸಿದರು. 15ನೇ ಅಂಕಿ ಹೊಂದಿದ ಮೇಲೆ ಯಾರೂ ನಾಯಿಯನ್ನು ಕರೆದು ನೋಡಿ ಅನ್ನಲಿಲ್ಲ. ಹುಡುಗ ತಾನೂ ಯಾರಿಂದಲೋ ಕೊಂಡದ್ದು ಅಂದ. ಇರಬಹುದು. ಆದರೆ ಮಾರಿದವನದೇ ಅಲ್ಲದ ಮಾಲು ಕೊಂಡವನದೂ ಆಗುವುದಿಲ್ಲ, 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದೆ. ಇದು ಗೊತ್ತಿದ್ದರೆ ಆ 6,000 ಉಳಿಯುತ್ತಿತ್ತು. ಆದರೂ ಆ ಕಾಕಾನ ಮುಖ ನೆನೆಸಿಕೊಂಡರೆ ಕೊಟ್ಟದ್ದಕ್ಕೆ ಅಷ್ಟು ಬೇಜಾರಿಲ್ಲ.

ಕಿವಿಗೆ ಹಚ್ಚೆ ನಾನು ಹಾಕಿಸಿಲ್ಲ, ವರ್ಷ ಕಳೆದಂತೆ ಮಾಸುತ್ತದೆ. ಡಿಎನ್ಎ ಪರೀಕ್ಷೆ ಮಾಡಿಸಿದರೆ ರಾಣಿ ಬಿಜಲಿಯ ಮಗಳು ಅಂತ ತೋರಿಸಬಹುದಿತ್ತು, ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ. ತಳಿ ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ ಇದ್ದವರು ಒಂದು ನೋಡಿಕೊಳ್ಳಿ: ಅದರಲ್ಲಿ ನಮ್ಮ ನಾಯಿಯ ಹೆಸರು ಕ್ಯಾರವಾನ್ ಹೌಂಡ್ ಅಂತ ಇರುತ್ತದೆ. ಮುಧೋಳ ಅಂತ ದೂರು ಬರೆದು ಆ ಕಾಗದ ಕೊಟ್ಟರೆ ಠಾಣೆಯಲ್ಲಿ ಇದು ಬೇರೆ ನಾಯಿ ಅಂತ ವಾದ ಶುರುವಾಗುತ್ತದೆ, ಎರಡೂ ಹೆಸರು ಬರೆಯಿರಿ.

ಈಗ ಇಬ್ಬರಿಗೂ ಚಿಪ್ ಇದೆ, ಬಿಜಲಿಗೆ ಹಾಕಿಸಲು ತಡ ಮಾಡಿದ್ದೇ ದಡ್ಡತನ. ಪುಸ್ತಕ ಟ್ರಂಕಿನಲ್ಲಿ, ಫೋಟೊ ಈಮೇಲ್‌ನಲ್ಲಿ. ರಾತ್ರಿ ಇಬ್ಬರೂ ಪಡಸಾಲೆಯಲ್ಲಿ ಒಳಗೇ ಮಲಗುತ್ತಾರೆ. ಕಾಯುವ ಕೆಲಸಕ್ಕೆ ಕದದ ಚಿಲಕದಷ್ಟು ಒಳ್ಳೆಯದು ನಾನು ಬೇರೆ ನೋಡಲಿಲ್ಲ. ಜಿಪಿಎಸ್‌ಗೆ ತಮ್ಮ ಹೊಸ ಪಟ್ಟಿ ಹೊಲಿಸಿಕೊಡುತ್ತೇನೆ ಅಂದವನು ಅದನ್ನು ಟ್ರ್ಯಾಕ್ಟರ್ ಸೀಟಿನ ಕೆಳಗೆ ಕಟ್ಟಿಕೊಂಡಿದ್ದಾನೆ. ಅಲ್ಲಿ ಚಾರ್ಜ್ ತೊಂದರೆ ಇಲ್ಲವಂತೆ.