ಬುಷ್ ಹಾಕಿಸಿದರೆ, ಪಿನ್ ಅಂಚಲ್ಲಿ ಗ್ರೀಸ್ ಬರೋವರೆಗೂ ದುಡ್ಡು ಕೊಡಬೇಡಿ

ಜೆಸಿಬಿ, ಹಿಟಾಚಿ ಇಟ್ಟುಕೊಂಡಿರೋರು ದಯವಿಟ್ಟು ಓದಿ.

ಎರಡು ತಿಂಗಳ ಹಿಂದೆ ನನ್ನ ಜೆಸಿಬಿಯ ಹಿಂದಿನ ಬೂಮ್–ಡಿಪ್ಪರ್ ಜಾಯಿಂಟಿಗೆ (ಅಗೆಯೋ ತೋಳಿನ ಎರಡು ಭಾಗ ಸೇರೋ ಕಡೆ) ಹೊಸ ಪಿನ್, ಅದರ ಸುತ್ತ ಕೂರೋ ಹೊಸ ಬುಷ್ (ಲೋಹದ ಕೊಳವೆ) ಹಾಕಿಸಿದೆ. ವರ್ಕ್‌ಶಾಪಿನವನು ಗಾಡಿ ಕೊಡುವಾಗ ಪಿನ್ ಸುತ್ತ ಹೊಸ ಗ್ರೀಸ್ ಫಳಫಳ ಅಂತಿತ್ತು. ಅದನ್ನ ನೋಡಿಯೇ ಪೂರ್ತಿ ದುಡ್ಡು ಎಣಿಸಿ ಕೊಟ್ಟೆ. ಅದು ಬರೀ ಮೇಲೆ ಕೈಯಲ್ಲಿ ಸವರಿದ್ದು! ಒಳಗೆ ಒಂದು ಚೂರೂ ಹೋಗಿರಲಿಲ್ಲ.

ನಾಲ್ಕನೇ ದಿನಕ್ಕೇ ಆಪರೇಟರ್ ಹುಡುಗ ಫೋನ್ ಮಾಡಿದ. "ಅಣ್ಣ, ಗ್ರೀಸ್ ಗನ್ ಒತ್ತೋಕೇ ಆಗ್ತಿಲ್ಲ, ಗ್ರೀಸ್ ನಿಪ್ಪಲ್ ಹತ್ರನೇ ವಾಪಸ್ ಬರ್ತಿದೆ." ನಿಪ್ಪಲ್ ಅಂದರೆ ಗನ್ ಸಿಕ್ಕಿಸಿ ಗ್ರೀಸ್ ತುಂಬೋ ಬಾಯಿ. ವರ್ಕ್‌ಶಾಪಿನವನನ್ನ ಕೇಳಿದೆ. "ಹೊಸ ಬುಷ್ ಸಾರ್, ಟೈಟ್ ಇರುತ್ತೆ. ಓಡ್ತಾ ಓಡ್ತಾ ಬಿಟ್ಕೊಳುತ್ತೆ" ಅಂದ. ನಂಬಿಬಿಟ್ಟೆ. ಇಷ್ಟು ವರ್ಷ ಗಾಡಿ ಇಟ್ಟುಕೊಂಡವನು ನಾನು, ನಂಬಿಬಿಟ್ಟೆ.

ಆಮೇಲೆ ಡಿಪ್ಪರ್ ಎಳೆದಾಗಲೆಲ್ಲ ಕಿರ್ರ್ ಅಂತ ಸದ್ದು, ಜಾಯಿಂಟ್ ಸಡಿಲ ಆಗಿ ಅಲ್ಲಾಟ. ಮತ್ತೆ ಕೇಳಿದರೆ, "ನಿಮ್ಮ ಹುಡುಗ ಗ್ರೀಸ್ ಹೊಡೆದಿಲ್ಲ, ಅವನನ್ನ ಕೇಳಿ." ಆ ಮಾತು ಕೇಳಿ ಹುಡುಗನನ್ನ ಎಲ್ಲರ ಮುಂದೆ ಬೈದೆ. ಒಂದು ವಾರದ ಬಾಟಾನೂ (ದಿನದ ಭತ್ಯೆ) ಹಿಡಿದೆ.

ಕೊನೆಗೆ ಬೇರೆ ಕಡೆ ಬಿಚ್ಚಿಸಿದೆ. ಪಿನ್ ಒಣಗಿ, ಸುಟ್ಟು ನೀಲಿ ಬಣ್ಣಕ್ಕೆ ತಿರುಗಿತ್ತು. ಉಗುರು ಸಿಕ್ಕುವಷ್ಟು ಆಳದ ಗೀರು. ನಿಪ್ಪಲ್ ತೆಗೆದು ತಂತಿ ತೂರಿಸಿದರೆ ಗೋಡೆಗೆ ಹೊಡೆದ ಹಾಗೆ ನಿಂತುಹೋಯಿತು. ಬುಷ್‌ನ ತೂತು ಒಂದು ಕಡೆ, ನಿಪ್ಪಲ್ ತೂತು ಇನ್ನೊಂದು ಕಡೆ! ಬುಷ್ ಹೊರಮೈಯಲ್ಲಿ ಗ್ರೂವ್ (ಗ್ರೀಸ್ ಹರಿಯೋ ಸಣ್ಣ ಕಾಲುವೆ) ಕೂಡ ಇಲ್ಲ. ಗ್ರೀಸ್ ಹೋಗೋಕೆ ದಾರಿಯೇ ಇಲ್ಲ.

ಮೊದಲಿನ ವರ್ಕ್‌ಶಾಪಿನವನಿಗೆ ಫೋಟೋ ಕಳಿಸಿದೆ. "ಎರಡು ತಿಂಗಳು ಓಡಿಸಿ ಈಗ ಕೇಳ್ತೀರಾ? ಬಂಡೆ ಕೆಲಸ ಮಾಡಿಸಿದ್ರೆ ಯಾವ ಬುಷ್ ನಿಲ್ಲುತ್ತೆ?" ಅಂದ. ನಾನು ಮಾಡಿಸಿದ್ದು ಅಡಿಕೆ ತೋಟದ ಕಾಲುವೆ, ಮೆತ್ತಗಿನ ಮಣ್ಣು. ಅದನ್ನ ಹೇಳೋಕೆ ಹೋದರೆ ಫೋನ್ ಕಟ್. ಈಗ ಬುಷ್ ಕೂರೋ ಬೋರೇ (ತೂತೇ) ಮೊಟ್ಟೆ ಆಕಾರಕ್ಕೆ ಸವೆದಿದೆ. ವೆಲ್ಡಿಂಗ್ ತುಂಬಿಸಿ ಲೈನ್ ಬೋರಿಂಗ್ (ತೂತನ್ನ ಮತ್ತೆ ನೇರಕ್ಕೆ, ದುಂಡಗೆ ಕೊರೆಯೋದು) ಮಾಡಿಸಬೇಕು, ಹೊಸ ಪಿನ್ನೂ ಬೇಕು.

ನಿಮ್ಮದೇ ಗನ್ ತಗೊಂಡು ಹೋಗಿ. ಅಲ್ಲೇ ನಿಂತು, ಪಿನ್‌ನ ಎರಡೂ ಅಂಚಲ್ಲಿ ಗ್ರೀಸ್ ಬರೋವರೆಗೂ ಒತ್ತಿಸಿ. ಬಕೆಟ್ ನೆಲಕ್ಕೆ ಊರಿ ಒಂದು ಸಲ, ಎತ್ತಿ ಇನ್ನೊಂದು ಸಲ. ನಿಪ್ಪಲ್ ಹತ್ರನೇ ವಾಪಸ್ ಬಂದರೆ ಮೊದಲು ನಿಪ್ಪಲ್ ಬದಲಾಯಿಸಿ ನೋಡಿ. ಆಗಲೂ ಹೋಗದಿದ್ದರೆ ಬಿಚ್ಚಿಸಿ, ಒಂದು ಗಂಟೆಯೂ ಓಡಿಸಬೇಡಿ. "ಬಿಟ್ಕೊಳುತ್ತೆ" ಅಂದವನ ಮಾತು ಕೇಳಲೇಬೇಡಿ.

ಹುಡುಗನ ಬಾಟಾ ನಿನ್ನೆ ವಾಪಸ್ ಕೊಟ್ಟೆ. ತಗೊಂಡ, ಏನೂ ಮಾತಾಡಲಿಲ್ಲ. ಅವನು ನಾಲ್ಕನೇ ದಿನಕ್ಕೇ ಹೇಳಿದ್ದ.