ಕರ್ನಲ್ ಅಪ್‌ಡೇಟ್ ಮತ್ತು ಬ್ಯಾಟರಿ: ಲಿನಕ್ಸ್ ಲ್ಯಾಪ್‌ಟಾಪ್ ಜೊತೆ ಮೂರೂವರೆ ವರ್ಷ

ನಾನು ಕ್ಯಾತ್ಸಂದ್ರದಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಓಡಾಡುವವನು. ಹೋಗಲು ಸುಮಾರು ಒಂದೂವರೆ ಗಂಟೆ, ಬರಲು ಅಷ್ಟೇ. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಅದರಲ್ಲಿ ಅರ್ಧ ರೈಲಿನಲ್ಲೇ ಮುಗಿಯಬೇಕು. ಬೋಗಿಯಲ್ಲಿ ಸೀಟು ಸಿಕ್ಕರೂ ಪ್ಲಗ್ ಸಿಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಅಂದರೆ ನನಗೆ ಮೊದಲು ಬ್ಯಾಟರಿ, ಆಮೇಲೆ ಉಳಿದದ್ದು.

2022ರ ಮಧ್ಯದಲ್ಲಿ ಇದನ್ನು ಕೊಂಡೆ. ಎಎಂಡಿ ಕಂಪನಿಯ ರೈಜನ್ 5 ಚಿಪ್, 50 ವ್ಯಾಟ್ ಅವರ್ ಬ್ಯಾಟರಿ (ಅಂದರೆ 10 ವ್ಯಾಟ್ ಎಳೆದರೆ ಐದು ಗಂಟೆ). ಅವತ್ತೇ ವಿಂಡೋಸ್‌ನಂಥದ್ದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಹಾಕಿದೆ. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಯಂತ್ರದ ಭಾಗಗಳನ್ನೆಲ್ಲ ನಡೆಸುವುದು ಅದೇ. ಆಗ ಬಂದಿದ್ದು ಅದರ 5.15ನೇ ಆವೃತ್ತಿ. ಕೀಬೋರ್ಡು, ಪರದೆ ಎಲ್ಲ ಚೆನ್ನಾಗಿವೆ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಹೇಳಬೇಕಾದದ್ದು ಕರ್ನಲ್ ಬದಲಾದಾಗಲೆಲ್ಲ ಬ್ಯಾಟರಿ ಹೇಗೆ ನಡೆದುಕೊಂಡಿತು ಅನ್ನುವುದನ್ನು.

ಅಳೆಯಲು ನಾನು ಪವರ್‌ಟಾಪ್ ಬಳಸುತ್ತೇನೆ. 2007ರಲ್ಲಿ ಇಂಟೆಲ್‌ನವರು ಹೊರತಂದ ಪುಟ್ಟ ಪ್ರೋಗ್ರಾಂ ಅದು. ಚಾರ್ಜರ್ ತೆಗೆದರೆ ಈ ಕ್ಷಣ ಬ್ಯಾಟರಿಯಿಂದ ಎಷ್ಟು ವ್ಯಾಟ್ ಹೋಗುತ್ತಿದೆ ಎಂದು ತೋರಿಸುತ್ತದೆ. ಎಎಂಡಿ ಚಿಪ್ ಇದ್ದರೂ ತೋರಿಸುತ್ತದೆ. ನನಗೆ ಅಳತೆ ಸುಲಭ, ಯಾಕೆಂದರೆ ದಿನಾ ಅದೇ ರೈಲು, ಅದೇ ಕೆಲಸ, ಪರದೆಯ ಬೆಳಕೂ ಅಷ್ಟೇ.

5.15ರಲ್ಲಿ ಸುಮಾರು 8.5 ವ್ಯಾಟ್ ಎಳೆಯುತ್ತಿತ್ತು. ಯಶವಂತಪುರ ತಲುಪುವಷ್ಟರಲ್ಲಿ ನೂರರಲ್ಲಿ 25 ಖಾಲಿ. 6.5 ಬಂದ ಮೇಲೆ ಇದು 7 ವ್ಯಾಟ್‌ಗೆ ಇಳಿಯಿತು. ಕಾರಣ ಹುಡುಕಿದೆ. ರೈಜನ್ ಚಿಪ್‌ನ ವೇಗ ಏರಿಸಿ ಇಳಿಸಲು ಎಎಂಡಿ ಪಿ-ಸ್ಟೇಟ್ ಎಂಬ ಹೊಸ ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸುವ ಪ್ರೋಗ್ರಾಂ) 2022ರ ಮಾರ್ಚ್‌ನಲ್ಲಿ 5.17 ಕರ್ನಲ್ ಜೊತೆ ಬಂದಿತ್ತು. ಮೊದಲು ಕರ್ನಲ್ ಬಳಿ ವೇಗದ ಮೂರ್ನಾಲ್ಕು ಮೆಟ್ಟಿಲು ಮಾತ್ರ ಇದ್ದವು. ಹೊಸ ಡ್ರೈವರ್‌ನಲ್ಲಿ ನಡುವಿನ ಸಣ್ಣ ಸಣ್ಣ ಹಂತಗಳೂ ಸಿಗುತ್ತವೆ. 2023ರ ಏಪ್ರಿಲ್‌ನ 6.3ರಲ್ಲಿ ಇನ್ನೊಂದು ಹೆಜ್ಜೆ. ವೇಗ ಮುಖ್ಯವೋ ಉಳಿತಾಯ ಮುಖ್ಯವೋ ಅಂತ ನಾವು ಸೂಚನೆ ಕೊಟ್ಟರೆ ಸಾಕು, ಉಳಿದದ್ದನ್ನು ಚಿಪ್ ತಾನೇ ನೋಡಿಕೊಳ್ಳುತ್ತದೆ. 6.5ರಲ್ಲಿ ನನ್ನ ಚಿಪ್‌ಗೆ ಇದು ತಾನಾಗಿಯೇ ಶುರುವಾಯಿತು. ಒಂದು ರೂಪಾಯಿ ಖರ್ಚಿಲ್ಲದೆ, ತುಂಬಿದ ಬ್ಯಾಟರಿಗೆ ಒಂದು ಗಂಟೆಗೂ ಜಾಸ್ತಿ ಸಮಯ ಸಿಕ್ಕಿತು. ನನಗೆ ನಿಜಕ್ಕೂ ಖುಷಿಯಾಯಿತು.

ಅದರ ನಂತರದ ಒಂದು ಅಪ್‌ಡೇಟ್ ಮಾತ್ರ ಕಾಡಿತು. ಒಂದು ಭಾನುವಾರ ಮುಚ್ಚಳ ಮುಚ್ಚಿ, ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿ, ತಟ್ಟೆ ಇಡ್ಲಿ ತರಲು ಹೋಗಿದ್ದೆ. ವಾಪಸ್ ಬಂದರೆ ನನ್ನ ಹೆಂಡತಿ, “ಏನ್ರೀ ಇದು, ಬ್ಯಾಗ್ ಇಷ್ಟು ಬಿಸಿ ಇದೆ?” ಅಂದಳು. ಯಂತ್ರ ನಿದ್ದೆ ಮಾಡಿರಲೇ ಇಲ್ಲ. ರಾತ್ರಿ ಪರೀಕ್ಷೆ ಮಾಡಿದೆ. ಮೊದಲು ಬೆಳಗಾಗುವಷ್ಟರಲ್ಲಿ ನೂರರಲ್ಲಿ 4 ಕಡಿಮೆಯಾಗುತ್ತಿತ್ತು, ಈಗ 38!

ಇದು ಯಾಕೆ ಅಂದರೆ, ಈಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಕಾಲದ ಗಾಢ ನಿದ್ದೆ ಇಲ್ಲ. ಯಂತ್ರ ಪೂರ್ತಿ ಆರುವುದಿಲ್ಲ, ಒಂದೊಂದು ಭಾಗವೂ ತಾನಾಗಿ ಮಲಗಬೇಕು. ಮನೆಯಲ್ಲಿ ಒಬ್ಬರು ಎದ್ದಿದ್ದರೂ ಹಜಾರದ ದೀಪ ಉರಿಯುತ್ತದೆ ಅಲ್ವಾ, ಹಾಗೆ. ವೈಫೈ ಆಗಲಿ, ಡಿಸ್ಕ್ ಆಗಲಿ, ಒಂದರ ಡ್ರೈವರ್ ತಪ್ಪಿದರೂ ಇಡೀ ಚಿಪ್ ಎಚ್ಚರವಾಗಿರುತ್ತದೆ.

ಆದರೆ ತಪ್ಪು ಕರ್ನಲ್‌ನದೇ ಎಂದು ಹೇಳುವುದು ಹೇಗೆ? ಅಪ್‌ಡೇಟ್ ಆದ ದಿನ ಬ್ರೌಸರ್ ಸಹ ಬದಲಾಗಿರಬಹುದು. ಇಲ್ಲಿ ಲಿನಕ್ಸ್‌ನ ಒಂದು ಅನುಕೂಲ ನನಗೆ ತುಂಬಾ ಇಷ್ಟ. ಹಳೆಯ ಕರ್ನಲ್ ಅಳಿಸಿಹೋಗದೆ ಪಕ್ಕದಲ್ಲೇ ಇರುತ್ತದೆ. ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಅದನ್ನು ಆರಿಸಿದರೆ ಆಯಿತು. ಉಳಿದದ್ದೆಲ್ಲ ಹೊಸದು, ಕರ್ನಲ್ ಒಂದು ಹಳೆಯದು. ಹಾಗೆ ಮಾಡಿದೆ, ರಾತ್ರಿ ಮತ್ತೆ 4ಕ್ಕೇ ನಿಂತಿತು. ಸಂಶಯ ಉಳಿಯಲಿಲ್ಲ. ಮುಂದಿನ ಎರಡು ಅಪ್‌ಡೇಟ್‌ಗಳಲ್ಲಿ ಸರಿಹೋಯಿತು. ಅಲ್ಲಿಯವರೆಗೆ ಹಳೆಯದರಲ್ಲೇ ಇದ್ದೆ.

ಇಂಥದ್ದು ಹೊಸದೇನಲ್ಲ. 2011ರ ಮಾರ್ಚ್‌ನಲ್ಲಿ ಬಂದ 2.6.38 ಕರ್ನಲ್ ಎಷ್ಟೋ ಲ್ಯಾಪ್‌ಟಾಪ್‌ಗಳ ಬ್ಯಾಟರಿ ತಿಂದಿತ್ತು. ವೈಫೈ, ಡಿಸ್ಕ್‌ನಂಥವನ್ನು ಚಿಪ್‌ಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕಗಳು ಕೆಲಸವಿಲ್ಲದಾಗ ಮಲಗುವ ಒಂದು ವ್ಯವಸ್ಥೆ ಇದೆ. ಅದು ಈ ಯಂತ್ರಕ್ಕೆ ಬೇಡ ಎಂದು ಬಯಾಸ್ (ಯಂತ್ರ ಶುರುವಾದಾಗ ಮೊದಲು ಓಡುವ, ಅದರಲ್ಲೇ ಅಡಕವಾದ ಪ್ರೋಗ್ರಾಂ) ಹೇಳಿದರೆ, ಬಯಾಸ್ ತಾನೇ ಮಲಗಿಸಿದ್ದವನ್ನೂ ಕರ್ನಲ್ ಎಬ್ಬಿಸಿಬಿಡುತ್ತಿತ್ತು. ಬಯಾಸ್ ಇಟ್ಟದ್ದನ್ನು ಇಟ್ಟ ಹಾಗೇ ಬಿಡುವ, ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಮ್ಯಾಥ್ಯೂ ಗ್ಯಾರೆಟ್ ಅವರ ತಿದ್ದುಪಡಿ ಸೇರಿದ್ದು 3.3ರ ಹೊತ್ತಿಗೆ. ಅದು 2012.

ಇನ್ನೊಂದು ವಿಷಯ ತಡವಾಗಿ ತಿಳಿಯಿತು. ನನ್ನ ಬ್ಯಾಟರಿ ಈಗ ಪೂರ್ತಿ ತುಂಬಿದರೂ 41 ವ್ಯಾಟ್ ಅವರ್ ಅಷ್ಟೇ ಹಿಡಿಯುತ್ತದೆ. 7 ವ್ಯಾಟ್‌ನಂತೆ ಲೆಕ್ಕ ಹಾಕಿದರೆ ಸುಮಾರು ಐದೂ ಮುಕ್ಕಾಲು ಗಂಟೆ. ಕೊಂಡ ಹೊಸದರಲ್ಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು! ಗಂಟೆ ಮಾತ್ರ ನೋಡಿದ್ದರೆ ಮೂರೂವರೆ ವರ್ಷದಲ್ಲಿ ಏನೂ ಬದಲಾಗಿಲ್ಲ ಅಂದುಕೊಳ್ಳುತ್ತಿದ್ದೆ. ಬ್ಯಾಟರಿ ಸವೆದಷ್ಟನ್ನೂ ಕರ್ನಲ್ ತುಂಬಿಕೊಟ್ಟಿದೆ. ಅಪ್‌ಡೇಟ್ ಮಾಡದೆ ಸುಮ್ನೆ ಇದ್ದಿದ್ದರೆ ಇವತ್ತು ಐದು ಗಂಟೆಯೂ ಬರುತ್ತಿರಲಿಲ್ಲ.

ಹಾಗಾಗಿ ಯಾರಾದರೂ ಅಪ್‌ಡೇಟ್ ಆದ ಮೇಲೆ ಬ್ಯಾಟರಿ ಬೇಗ ಹೋಗುತ್ತಿದೆ ಅಂದರೆ, ಎಷ್ಟು ಗಂಟೆ ಅಂತ ಕೇಳುವುದಿಲ್ಲ, ಎಷ್ಟು ವ್ಯಾಟ್ ಅಂತ ಕೇಳುತ್ತೇನೆ. ವ್ಯಾಟ್ ಏರಿದ್ದರೆ ಹಳೆಯ ಕರ್ನಲ್‌ನಲ್ಲಿ ಒಂದು ದಿನ ಓಡಿಸಿ ನೋಡಿ. ಏರದಿದ್ದರೆ ಸವೆದಿರುವುದು ಬ್ಯಾಟರಿ. ನನ್ನದಕ್ಕೂ ಬರುವ ವರ್ಷ ಹೊಸ ಬ್ಯಾಟರಿ ಹಾಕಿಸಬೇಕು. ಲ್ಯಾಪ್‌ಟಾಪ್ ಮಾತ್ರ ಇದೇ ಇರಲಿ.