ಎರಡು ವರ್ಷ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಬಳಸಿದ ಮೇಲೆ: ಕಾರ್ಡ್ ಸರಿ, ಆ ಕೀರಲು ಸದ್ದು?

ಆಟದ ಚಿತ್ರ ಮೂಡಿಸುವ ಹಳೆ ಕಾರ್ಡ್, ಜಿಟಿಎಕ್ಸ್ 1060, ನನ್ನ ಹತ್ತಿರ ಆರು ವರ್ಷ ದುಡಿಯಿತು. ಕೊನೆಕೊನೆಗೆ 6 ಜಿಬಿ ಮೆಮೊರಿ ಸಾಲದೆ ಆಟ ಅಲ್ಲಲ್ಲಿ ತಡವರಿಸತೊಡಗಿತು. ಮದರ್‌ಬೋರ್ಡನ್ನೂ ಬದಲಿಸುವಷ್ಟು ದುಡ್ಡು ಇರಲಿಲ್ಲ, ಅದರಲ್ಲಿ ಕಾರ್ಡ್ ಕೂರುವ ಪಿಸಿಐಇ ಕಿಂಡಿ ಹಳೆಯ 3.0 ತಲೆಮಾರಿನದು. ಆರ್‌ಟಿಎಕ್ಸ್ 4060 ವೇಗ ಜಾಸ್ತಿ, ಕರೆಂಟೂ ಕಡಿಮೆ ಸಾಕು. ಆದರೆ ಬೋರ್ಡಿನೊಡನೆ ಮಾಹಿತಿ ಸಾಗಿಸಲು ಅದಕ್ಕೆ 8 ಲೇನ್ (ದಾರಿ) ಮಾತ್ರ, ಮೆಮೊರಿಯೂ 8 ಜಿಬಿ. ಮೆಮೊರಿ ತುಂಬಿದರೆ ಹಳೆ ಬೋರ್ಡಿನಲ್ಲಿ ಪೆಟ್ಟು ಜೋರಾಗಿಯೇ ಬೀಳುತ್ತದೆ. ಹಾಗಾಗಿ 16 ಲೇನ್, 12 ಜಿಬಿಯ 3060 ತಗೊಂಡೆ. ಇದೇ ಹೆಸರಲ್ಲಿ 8 ಜಿಬಿಯದೂ ಒಂದಿದೆ, ಅದರಲ್ಲಿ ಮೆಮೊರಿಗೆ ಹೋಗುವ ದಾರಿಯೂ ಕಿರಿದು, 128 ಬಿಟ್‌ನದು. ಡಬ್ಬಿ ಮೇಲೆ ನೋಡಿಯೇ ತಗೊಳ್ಳಿ.

ಮೊದಲ ರಾತ್ರಿಯೇ ಮನಸ್ಸು ಕೆಟ್ಟಿತು. ಗೇಮ್‌ನ ಮೆನು ಬರುತ್ತಿದ್ದಂತೆ ಕಂಪ್ಯೂಟರ್ ಡಬ್ಬದೊಳಗೆ ಜೀರುಂಡೆ ಕೂತ ಹಾಗೆ ಕಿರ್‍ರ್ ಅಂತ ಸದ್ದು. ಫ್ಯಾನಿನದೇ ಇರಬೇಕು ಅಂದುಕೊಂಡೆ. ಪಕ್ಕದ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಎರಡೂ ಫ್ಯಾನ್ ಇನ್ನೂ ತಿರುಗಲು ಶುರುವೇ ಮಾಡಿರಲಿಲ್ಲ! ಸದ್ದು ಮಾಡುತ್ತಿದ್ದದ್ದು ಬೋರ್ಡ್ ಮೇಲಿನ ಕಾಯಿಲ್‌ಗಳು. ಅವುಗಳಲ್ಲಿ ಹರಿಯುವ ಕರೆಂಟ್ ಬೇಗಬೇಗ ಏರಿಳಿದಾಗ ಸುರುಳಿ ಅದುರುತ್ತದೆ. ಮೆನುವಿನಲ್ಲಿ ಫ್ರೇಮ್‌ಗಳಿಗೆ (ಕಾರ್ಡ್ ಬಿಡಿಸುವ ಒಂದೊಂದು ಚಿತ್ರಕ್ಕೆ) ಲಗಾಮು ಇರಲಿಲ್ಲ, ಸೆಕೆಂಡಿಗೆ 600 ದಾಟುತ್ತಿತ್ತು. ಅದಕ್ಕೇ ಅಲ್ಲಿ ಸದ್ದು ಜೋರು, ಆಟದೊಳಗೆ ಹೋದರೆ ಸ್ವಲ್ಪ ಮೆತ್ತಗೆ.

ಕಾರ್ಡ್ ತಯಾರಿಸಿದ ಕಂಪನಿಗೆ ಬರೆದೆ. 'ಇದು ದೋಷವಲ್ಲ, ವಾರಂಟಿಗೆ ಬರುವುದಿಲ್ಲ' ಅಂತ ಉತ್ತರ. ಕಾರ್ಡ್ ಕೆಡುವುದಿಲ್ಲ ಅನ್ನುವುದು ನಿಜ. ಆದರೆ ಕೂಡಿಟ್ಟ ದುಡ್ಡಲ್ಲಿ ತಂದವನ ಕಿವಿಗೆ ಅದು ದೋಷವೇ ಅಲ್ವಾ? ಒಂದು ತಿಂಗಳು ಹೆಡ್‌ಫೋನ್ ಹಾಕಿಕೊಂಡೇ ಆಡಿದೆ.

ಆಮೇಲೆ ಎರಡು ಕೆಲಸ ಮಾಡಿದೆ. ನನ್ನ ಮಾನಿಟರ್ 75 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 75 ಚಿತ್ರ ತೋರಿಸುವಂಥದು. ಹಾಗಾಗಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫ್ರೇಮ್ ಮಿತಿಯನ್ನೂ 75ಕ್ಕೆ ಕಟ್ಟಿದೆ. ಮೆನುವಿನ ಕಿರುಚಾಟ ಅಲ್ಲಿಗೇ ನಿಂತಿತು. ಎರಡನೆಯದು ಅಂಡರ್‌ವೋಲ್ಟ್, ಅಂದರೆ ಕಾರ್ಡಿಗೆ ಹೋಗುವ ವೋಲ್ಟೇಜ್ ಇಳಿಸುವುದು. ಕಾರ್ಡಿನ ವೇಗ, ವೋಲ್ಟೇಜ್ ಹೊಂದಿಸುವ ಆಫ್ಟರ್‌ಬರ್ನರ್ ತಂತ್ರಾಂಶ ತೆರೆದು ಕಂಟ್ರೋಲ್, ಎಫ್ ಒತ್ತಿದರೆ ಎಷ್ಟು ವೋಲ್ಟೇಜಿಗೆ ಎಷ್ಟು ವೇಗ ಅಂತ ತೋರಿಸುವ ಚುಕ್ಕಿಗಳ ಗೆರೆ ಬರುತ್ತದೆ. 875 ಮಿಲಿವೋಲ್ಟ್‌ನ ಚುಕ್ಕಿಯನ್ನು 1800 ಮೆಗಾಹರ್ಟ್ಸ್‌ಗೆ ಎಳೆದು, ಅದರಾಚೆಗಿನ ಗೆರೆಯನ್ನು ಸಮತಟ್ಟು ಮಾಡಿದೆ. ಮೂರು ಸಂಜೆ ಹಿಡಿಯಿತು. 850ಕ್ಕೆ ಇಳಿಸಿದಾಗ ಆಟ ನಡುವೆಯೇ ಮುಚ್ಚಿಹೋಯಿತು, ಮತ್ತೆ 875ಕ್ಕೇ ಬಂದೆ. ಎಲ್ಲ ಕಾರ್ಡಿಗೂ ಇದೇ ಅಂಕಿ ಹೊಂದುವುದಿಲ್ಲ, ಒಂದೊಂದೇ ಮೆಟ್ಟಿಲು ಇಳಿಯಿರಿ. 170 ವಾಟ್ ಎಳೆಯುತ್ತಿದ್ದದ್ದು 130ರ ಆಸುಪಾಸಿಗೆ ಬಂತು. ವೇಗದಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಈಗ ಇದರ ಮೇಲೆ ನನಗೆ ಪ್ರೀತಿಯೇ ಹುಟ್ಟಿದೆ. ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಡಬ್ಬದ ಮುಂದಿನ ಜಾಲರಿ ಬಿಚ್ಚಿ ನಲ್ಲಿ ಕೆಳಗೆ ಹಿಡಿಯುತ್ತೇನೆ. ಅದು ಒಣಗುವಷ್ಟರಲ್ಲಿ ಮೆತ್ತನೆ ಬ್ರಷ್‌ನಿಂದ ಕಾರ್ಡಿನ ಧೂಳು ತೆಗೆಯುತ್ತೇನೆ, ಫ್ಯಾನ್ ಸುತ್ತದಂತೆ ಒಂದು ಬೆರಳು ಒತ್ತಿ ಹಿಡಿದು. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ವಿವರ) ಹೈನಲ್ಲಿಟ್ಟೇ 1080ಪಿಯಲ್ಲಿ ಆಡುತ್ತೇನೆ, ತಡವರಿಸುವುದಿಲ್ಲ. 1440ಪಿ ಮಾನಿಟರ್ ಇರುವವರು ಇದಕ್ಕಿಂತ ಮೇಲಿನದನ್ನೇ ನೋಡಿ. ಹೆಡ್‌ಫೋನ್ ಈಗ ಮೊಳೆಗೆ ನೇತುಹಾಕಿದೆ. ರಾತ್ರಿ ಕೋಣೆಯಲ್ಲಿ ಕೇಳುವುದು ಕೀಬೋರ್ಡಿನ ಸದ್ದು ಮಾತ್ರ.